ಫೈಟರ್ ಮೊದಲೇ ಯಾಕೆ ಬೀಳುತ್ತಾನೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಫೈಟರ್, ಅಂದರೆ ಆಯುಧ ಹಿಡಿದು ಮುಂದೆ ನಿಂತು ಹೊಡೆದಾಡುವ ಪಾತ್ರದ ಬಗ್ಗೆಯೇ ಇವೆ. ನನಗೆ ತುಂಬಾ ಖುಷಿಯಾಯಿತು. ಹನ್ನೊಂದು ವರ್ಷದಿಂದ ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಪ್ರತಿ ಶನಿವಾರ ಆಟ ನಡೆಸುತ್ತಿದ್ದೇನೆ. ನಾನೇ ಆಡಲು ಕೂತರೆ ಕೈ ಹೋಗುವುದು ಫೈಟರ್ ಕಡೆಗೇ.

ಹೊಸದಾಗಿ ಓದುವವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಮಾಡಿದವರು. ಒಬ್ಬರು ಡಿಎಂ ಆಗಿ ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಡುತ್ತಾರೆ. ಹೊಡೆಯಬೇಕಾದರೆ 20 ಮುಖದ ದಾಳ ಉರುಳಿಸಿ, ನಿಮ್ಮ ಪಾತ್ರದ ಬಲ ಕೂಡಿಸಬೇಕು. ಎದುರಾಳಿಯ ಎಸಿಯಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಾಗಿತು. ಎಸಿ ಅಂದರೆ ಅವನನ್ನು ಹೊಡೆಯುವುದು ಎಷ್ಟು ಕಷ್ಟ ಅನ್ನುವ ಅಂಕಿ, ಅಷ್ಟೇ. ಹಿಟ್ ಪಾಯಿಂಟ್ ಅಂದರೆ ಎಷ್ಟು ಪೆಟ್ಟು ತಾಳಬಲ್ಲ ಅನ್ನುವ ಅಂಕಿ, ಸೊನ್ನೆಗೆ ಬಂದರೆ ಬಿದ್ದ. ಲೆವೆಲ್ ಅಂದರೆ ಪಾತ್ರ ಎಷ್ಟು ಬೆಳೆದಿದೆ ಅನ್ನುವುದು. ಪ್ರತಿ ಪಾತ್ರಕ್ಕೂ ಆರು ಗುಣಗಳ ಅಂಕಿ ಇರುತ್ತವೆ: ಸ್ಟ್ರೆಂತ್ (ತೋಳ್ಬಲ), ಡೆಕ್ಸ್ (ಚುರುಕು), ಕಾನ್ (ದೇಹದ ಗಟ್ಟಿತನ), ಇಂಟ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ವರ್ಚಸ್ಸು). ಕೆಳಗಿನ ಲೆಕ್ಕಗಳೆಲ್ಲ 2014ರ ಐದನೇ ಆವೃತ್ತಿಯವು.

ಪ್ರಶ್ನೆ: ಸರ್, ನಾವು ಹಾಸ್ಟೆಲ್‌ನ ಐದು ಗೆಳೆಯರು ಎರಡು ತಿಂಗಳಿಂದ ಆಡುತ್ತಿದ್ದೇವೆ. ನನ್ನ ಇಬ್ಬರು ಫೈಟರ್‌ಗಳು ಸತ್ತರು, ಈಗ ಮೂರನೆಯವನು. ಹ್ಯೂಮನ್, 1ನೇ ಲೆವೆಲ್. ಸ್ಟ್ರೆಂತ್ 16, ಡೆಕ್ಸ್ 15, ಕರಿಸ್ಮಾ 14, ವಿಸ್ಡಮ್ 13, ಕಾನ್ 11, ಇಂಟ್ 9. ಚೈನ್ ಮೇಲ್ ಕವಚ, ಎರಡು ಕೈಯಲ್ಲಿ ಹಿಡಿಯುವ ಗ್ರೇಟ್‌ಸ್ವೋರ್ಡ್, ಗ್ರೇಟ್ ವೆಪನ್ ಫೈಟಿಂಗ್ ಸ್ಟೈಲ್. ಕಳೆದ ವಾರ ನಾಲ್ಕು ಗಾಬ್ಲಿನ್‌ಗಳ (ಕುಳ್ಳ ರಾಕ್ಷಸರ) ಮಧ್ಯೆ ನುಗ್ಗಿದೆ. ಒಂದೇ ಸುತ್ತಿನಲ್ಲಿ ಸೊನ್ನೆಗೆ ಬಂದೆ. ನಮ್ಮ ವಿಝರ್ಡ್ ಸ್ಲೀಪ್ ಮಂತ್ರ ಹಾಕಿ ಮೂವರನ್ನು ಮಲಗಿಸಿಬಿಟ್ಟ. ನಾನು ಯಾಕೆ ಬೇಕು ಅನ್ನಿಸುತ್ತಿದೆ. — ದಾವಣಗೆರೆಯಿಂದ ಒಬ್ಬ ವಿದ್ಯಾರ್ಥಿ

ಉತ್ತರ: ನೀವು ತುಂಬಾ ಬೇಕು. ಆದರೆ ಅಂಕಿಗಳನ್ನು ಹಾಕಿದ ಜಾಗ ಸರಿಯಿಲ್ಲ. ಮೊದಲು ಅದನ್ನು ಸರಿಮಾಡೋಣ.

ಚೈನ್ ಮೇಲ್ ಹಾಕಿದವನ ಎಸಿ 16. ಡೆಕ್ಸ್ ಎಷ್ಟೇ ಇರಲಿ, 16 ಅಂದರೆ 16. ಹಾಗಾಗಿ ನಿಮ್ಮ ಡೆಕ್ಸ್ 15 ರಕ್ಷಣೆಗೆ ಬರುತ್ತಿಲ್ಲ. ಯಾರ ಸರದಿ ಮೊದಲು ಅನ್ನುವುದಕ್ಕೆ, ಬಲೆಯಿಂದ ಹಾರಿ ತಪ್ಪಿಸಿಕೊಳ್ಳುವುದಕ್ಕೆ ಸ್ವಲ್ಪ ಉಪಯೋಗ ಇದೆ, ಅಷ್ಟೇ. ಅದೇ 15 ಕಾನ್‌ಗೆ ಹೋಗಲಿ. 14 ವಿಸ್ಡಮ್‌ಗೆ, 13 ಡೆಕ್ಸ್‌ಗೆ, 11 ಕರಿಸ್ಮಾಗೆ. ಕಾನ್ 11 ಇದ್ದಾಗ ನಿಮಗೆ 10 ಹಿಟ್ ಪಾಯಿಂಟ್. 15 ಆದರೆ 12. ಎರಡೇ ಅಲ್ವಾ ಅಂತ ಅನ್ನಿಸಬಹುದು. ಆದರೆ ಪ್ರತಿ ಲೆವೆಲ್‌ಗೂ ಈ ಎರಡು ಸೇರುತ್ತಾ ಹೋಗುತ್ತದೆ. 4ನೇ ಲೆವೆಲ್‌ಗೆ ಬರುವಷ್ಟರಲ್ಲಿ 28 ಇರಬೇಕಾದ ಕಡೆ 36 ಇರುತ್ತದೆ.

ಈಗ ಆ ನಾಲ್ಕು ಗಾಬ್ಲಿನ್ ನೋಡೋಣ. ಗಾಬ್ಲಿನ್ ದಾಳಕ್ಕೆ 4 ಕೂಡಿಸುತ್ತದೆ. ನಿಮ್ಮ ಎಸಿ 16 ಇದ್ದರೆ ಅದಕ್ಕೆ 12 ಅಥವಾ ಮೇಲೆ ಬೀಳಬೇಕು, ಅಂದರೆ ನೂರಕ್ಕೆ 45 ಸಲ ತಾಗುತ್ತದೆ. ತಾಗಿದಾಗ ಸರಾಸರಿ ಐದೂವರೆ ಪೆಟ್ಟು. ನಾಲ್ಕೂ ಸೇರಿ ಹೊಡೆದರೆ ಒಂದು ಸುತ್ತಿಗೆ ಸುಮಾರು 10. ನಿಮ್ಮ ಹತ್ತಿರ ಇದ್ದದ್ದೇ 10. ನೀವು ಬಿದ್ದದ್ದರಲ್ಲಿ ದುರದೃಷ್ಟ ಏನೂ ಇಲ್ಲ, ಲೆಕ್ಕವೇ ಹಾಗಿತ್ತು.

ಗ್ರೇಟ್‌ಸ್ವೋರ್ಡ್ ಕೆಳಗಿಡಿ. ಲಾಂಗ್‌ಸ್ವೋರ್ಡ್ ಒಂದು ಕೈಗೆ, ಗುರಾಣಿ ಇನ್ನೊಂದು ಕೈಗೆ, ಸ್ಟೈಲ್ ಡ್ಯುಯೆಲಿಂಗ್. ಎಸಿ 18 ಆಗುತ್ತದೆ. ಗಾಬ್ಲಿನ್ ತಾಗಿಸುವುದು ನೂರಕ್ಕೆ 35ಕ್ಕೆ ಇಳಿಯುತ್ತದೆ, ನಾಲ್ಕೂ ಸೇರಿ ಸುತ್ತಿಗೆ ಎಂಟಕ್ಕಿಂತ ಕಡಿಮೆ. ಹೊಡೆತದಲ್ಲಿ ಕಳೆದುಕೊಳ್ಳುವುದು ಎಷ್ಟು ಗೊತ್ತಾ? ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್. ಗ್ರೇಟ್‌ಸ್ವೋರ್ಡ್ ತಾಗಿದರೆ ಹೆಚ್ಚುಕಮ್ಮಿ ಪ್ರತಿ ಸಲವೂ ಸಾಯುತ್ತದೆ, ನಿಜ. ಲಾಂಗ್‌ಸ್ವೋರ್ಡ್‌ಗೆ 8 ಮುಖದ ದಾಳ. ಅದಕ್ಕೆ ಸ್ಟ್ರೆಂತ್ 16ಕ್ಕೆ ಸಿಗುವ 3, ಡ್ಯುಯೆಲಿಂಗ್‌ನ 2 ಸೇರಿಸಿ. ದಾಳದಲ್ಲಿ 1 ಬಿದ್ದರೆ ಮಾತ್ರ ಗಾಬ್ಲಿನ್ ಉಳಿಯುತ್ತದೆ. ಅಂದರೆ 8ರಲ್ಲಿ 7 ಸಲ ಸತ್ತೇ ಹೋಗುತ್ತದೆ. ಇಷ್ಟು ಸಣ್ಣ ನಷ್ಟಕ್ಕೆ ಗುರಾಣಿ ಬಿಡುವವನಲ್ಲ ನಾನು. ಮೊದಲ ನಾಲ್ಕು ಲೆವೆಲ್‌ನಲ್ಲಿ ಗುರಾಣಿಯೇ ಒಳ್ಳೆಯದು ಅಂತ ಗಟ್ಟಿಯಾಗಿ ಹೇಳುತ್ತೇನೆ. ಇನ್ನೊಂದು, ಸೆಕೆಂಡ್ ವಿಂಡ್ ಮರೆಯಬೇಡಿ. 10 ಮುಖದ ದಾಳ, ಜೊತೆಗೆ ನಿಮ್ಮ ಲೆವೆಲ್, ಅಷ್ಟು ಹಿಟ್ ಪಾಯಿಂಟ್ ವಾಪಸ್. ಅದಕ್ಕೆ ಬೋನಸ್ ಆಕ್ಷನ್ ಸಾಕು, ಹೊಡೆಯುವ ಸರದಿ ಹೋಗುವುದಿಲ್ಲ. ಕೊನೆಗೆ ಬೇಕಾಗಬಹುದು ಅಂತ ಉಳಿಸಿಕೊಂಡೇ ಸಾಯುವವರನ್ನು ನಾನು ಬಹಳ ನೋಡಿದ್ದೇನೆ. ಅರ್ಧಕ್ಕೆ ಇಳಿದ ಕೂಡಲೇ ಬಳಸಿ. ಶಾರ್ಟ್ ರೆಸ್ಟ್ ಮಾಡಿದರೆ, ಅಂದರೆ ಪಾತ್ರಗಳು ಸ್ವಲ್ಪ ಹೊತ್ತು ದಣಿವಾರಿಸಿಕೊಂಡರೆ, ಮತ್ತೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ನಾಲ್ಕರ ಮಧ್ಯೆ ನುಗ್ಗಿದರೆ ಎರಡನೇ ಸುತ್ತಿಗೆ ಬೀಳುತ್ತೀರಿ. ಅದಕ್ಕೇ ನಿಲ್ಲುವ ಜಾಗ ಮುಖ್ಯ. ನನ್ನ ಮಟ್ಟಿಗೆ ಫೈಟರ್ ವಿದ್ಯೆಯ ಮುಕ್ಕಾಲು ಭಾಗ ಇದೇ.

ನಮ್ಮ ಮೇಜಿನಲ್ಲಿ ನಡೆದದ್ದು ಹೇಳುತ್ತೇನೆ. ನಾನು ಕೆಲಸ ಮಾಡುವ ಪ್ರೆಸ್‌ನಲ್ಲಿ ಉಳಿಯುವ ಕಾಗದಕ್ಕೆ ಒಂದೊಂದು ಇಂಚಿನ ಚೌಕ ಹಾಕಿಕೊಂಡು ಬರುತ್ತೇನೆ. ಒಂದು ಚೌಕ ಅಂದರೆ ಆಟದಲ್ಲಿ 5 ಅಡಿ. ಆಟಗಾರರಿಗೆ ಅಂಗಿ ಗುಂಡಿಗಳು, ಗಾಬ್ಲಿನ್‌ಗಳಿಗೆ ಚೌಕಾಬಾರಕ್ಕೆ ಇಟ್ಟಿದ್ದ ಹುಣಸೆಬೀಜ. ಆವತ್ತು ಆರು ಬೀಜ ಇಟ್ಟಿದ್ದೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ಡ್ವಾರ್ಫ್ ಫೈಟರ್ ಆಡುತ್ತಿದ್ದಳು. ಆಟಗಾರರು ಕೋಣೆಯೊಳಗೆ, ಗಾಬ್ಲಿನ್‌ಗಳು ಹೊರಗೆ. ಕೋಣೆಯ ಬಾಗಿಲು ಒಂದೇ ಚೌಕ ಅಗಲ. ಎಲ್ಲರೂ ಅವಳು ಬಾಗಿಲಲ್ಲೇ ನಿಲ್ಲುತ್ತಾಳೆ ಅಂದುಕೊಂಡೆವು. ಅವಳು ತನ್ನ ಹಸಿರು ಗುಂಡಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಸ್ವಲ್ಪ ಹೊತ್ತು ನೋಡಿ, ಒಂದು ಚೌಕ ಹಿಂದಕ್ಕೆ ಎಳೆದಳು. ಬಾಗಿಲಿನಿಂದ ಒಳಗೆ, ನೇರ ಎದುರಿಗೆ.

ನನ್ನ ಕೈಯಲ್ಲಿ ಆರು ಬೀಜ. ಇಡಲು ಒಂದೇ ಜಾಗ. ಬಾಗಿಲಿಗೆ ಒಂದು ಬೀಜ ಇಟ್ಟೆ. ಅದರ ಎದುರು ಅವಳು, ಎರಡು ಪಕ್ಕದಲ್ಲಿ ಓರೆಯಾಗಿ ಅವಳ ಜೊತೆಯವರು, ರೋಗ್ ಮತ್ತು ಕ್ಲೆರಿಕ್. ಒಂದು ಬೀಜದ ಮೇಲೆ ಮೂರು ಜನ. ಅವಳು ಬಾಗಿಲಲ್ಲೇ ನಿಂತಿದ್ದರೆ ಆ ಇಬ್ಬರಿಗೆ ಹೊಡೆಯಲು ಏನೂ ಸಿಗುತ್ತಿರಲಿಲ್ಲ. ಗೋಡೆಯ ಮೂಲೆ ಅಡ್ಡ ಬರುತ್ತದೆ ಅಂತ ಪಕ್ಕದವರ ಹೊಡೆತಕ್ಕೆ ಹಾಫ್ ಕವರ್ ಲೆಕ್ಕ ಹಾಕಿದೆ, ಎಸಿಗೆ 2 ಜಾಸ್ತಿ. ಆದರೂ ಆ ಬೀಜ ಒಂದು ಸುತ್ತು ತಾಳಲಿಲ್ಲ. ಹಿಂದಿನ ಗಾಬ್ಲಿನ್‌ಗಳು ಬಾಣ ಬಿಡಲು ಹೋದರೆ ಮಧ್ಯೆ ಅವರದೇ ಗಾಬ್ಲಿನ್. ಅದೂ ಹಾಫ್ ಕವರ್, ಅವಳ ಎಸಿಗೆ ಇನ್ನೆರಡು ಸೇರಿತು. ಆ ರಾತ್ರಿ ಅವಳು ಕಳೆದುಕೊಂಡದ್ದು 5 ಹಿಟ್ ಪಾಯಿಂಟ್.

ಬಯಲಿನಲ್ಲಿ ಇದು ಆಗುವುದಿಲ್ಲ. ಗಾಬ್ಲಿನ್‌ಗಳಿಗೆ ನುಣುಚಿಕೊಳ್ಳುವ ಗುಣ ಬೇರೆ ಇದೆ. ಬೋನಸ್ ಆಕ್ಷನ್‌ನಲ್ಲೇ ನಿಮ್ಮ ಪಕ್ಕದಿಂದ ಜಾರಿಕೊಳ್ಳುತ್ತವೆ, ಆಪರ್ಚುನಿಟಿ ಅಟ್ಯಾಕ್‌ಗೆ, ಅಂದರೆ ಪಕ್ಕದಿಂದ ಹೋಗುವವರಿಗೆ ಕೊಡುವ ಪುಕ್ಕಟೆ ಏಟಿಗೆ, ಸಿಗುವುದಿಲ್ಲ. ಬಾಗಿಲು, ಸೇತುವೆ, ಎರಡು ಬಂಡೆ ಮಧ್ಯದ ಸಂದು, ಯಾವುದಾದರೂ ಹುಡುಕಿ. ಏನೂ ಇಲ್ಲದಿದ್ದರೆ ಬೆನ್ನನ್ನಾದರೂ ಗೋಡೆಗೆ ಕೊಡಿ.

ಆ ವಿಝರ್ಡ್ ಗೆಳೆಯನಿಗೆ ಮಂತ್ರ ಹಾಕಲು ಸಮಯ ಸಿಕ್ಕಿದ್ದು ನಾಲ್ಕೂ ಗಾಬ್ಲಿನ್ ನಿಮ್ಮನ್ನು ಹೊಡೆಯುತ್ತಿದ್ದರಿಂದ. ಅವನಿಗೂ ಇದನ್ನು ಹೇಳಿ. ಮತ್ತೊಂದು ಎಚ್ಚರಿಕೆ: ಸ್ಲೀಪ್ ಮಂತ್ರ ನಮ್ಮವರು ಪರರು ಅಂತ ನೋಡುವುದಿಲ್ಲ. ಅದರ ವ್ಯಾಪ್ತಿಯಲ್ಲಿ ಯಾರಿಗೆ ಹಿಟ್ ಪಾಯಿಂಟ್ ಕಡಿಮೆ ಇದೆಯೋ ಅವರು ಮೊದಲು ಮಲಗುತ್ತಾರೆ. ನೀವು 3ಕ್ಕೆ ಇಳಿದು ಮಧ್ಯದಲ್ಲಿ ನಿಂತಿದ್ದರೆ ಮೊದಲು ಗೊರಕೆ ಹೊಡೆಯುವವರು ನೀವೇ. ಅವನು ಮಂತ್ರ ಹಾಕುವವರೆಗೂ ಕಾಯಿರಿ, ಆಮೇಲೆ ನುಗ್ಗಿ.

ಪ್ರಶ್ನೆ: ನನ್ನ ಫೈಟರ್ 4ನೇ ಲೆವೆಲ್, ಸ್ಟ್ರೆಂತ್ 16, ಗ್ರೇಟ್‌ಸ್ವೋರ್ಡ್, ಗ್ರೇಟ್ ವೆಪನ್ ಮಾಸ್ಟರ್ ಅನ್ನುವ ಫೀಟ್ (ವಿಶೇಷ ಕೌಶಲ) ಇದೆ. ತಾಗುವ ಅಂಕಿಯಲ್ಲಿ 5 ಕಳೆದು ಪೆಟ್ಟಿಗೆ 10 ಕೂಡಿಸುವುದನ್ನು ಪ್ರತಿ ಸಲವೂ ಬಳಸುತ್ತೇನೆ. ಕಳೆದ ಆಟದಲ್ಲಿ ಸತತ ನಾಲ್ಕು ಸಲ ತಪ್ಪಿತು. ಫೀಟ್ ತಪ್ಪಾಗಿ ಆರಿಸಿಕೊಂಡೆನಾ? — ಹುಬ್ಬಳ್ಳಿಯಿಂದ ಒಬ್ಬ ಓದುಗರು

ಉತ್ತರ: ಫೀಟ್ ಚೆನ್ನಾಗಿದೆ ಮೇಡಂ. ಯಾರ ಮೇಲೆ ಬಳಸಬೇಕು ಅನ್ನುವುದು ತಿಳಿದರೆ ಆಯಿತು.

ನೀವು ದಾಳಕ್ಕೆ 5 ಕೂಡಿಸುತ್ತೀರಿ, ತಾಗಿದರೆ ಸರಾಸರಿ 10 ಪೆಟ್ಟು. ಫೀಟ್ ಬಳಸಿದರೆ ಕೂಡಿಸುವುದು ಸೊನ್ನೆ, ಪೆಟ್ಟು 20. ಓಗರ್ ಅನ್ನುವ ದೊಡ್ಡ ರಾಕ್ಷಸ ಎದುರಿಗಿದೆ ಅಂತಿಟ್ಟುಕೊಳ್ಳಿ, ಎಸಿ 11. ಸುಮ್ನೆ ಹೊಡೆದರೆ ನೂರಕ್ಕೆ 75 ಸಲ ತಾಗುತ್ತದೆ, ಪ್ರತಿ ಬೀಸಿಗೆ ಸರಾಸರಿ ಏಳೂವರೆ. ಫೀಟ್ ಜೊತೆ ನೂರಕ್ಕೆ 50, ಸರಾಸರಿ 10. ಇಲ್ಲಿ ಕಣ್ಣುಮುಚ್ಚಿ ಬಳಸಿ. ಎಸಿ 16ಕ್ಕೆ ಬಂದರೆ ಎರಡೂ ಒಂದೇ, 5 ಮತ್ತು 5. ಎಸಿ 18ರ ಕವಚಧಾರಿಗೆ ಸುಮ್ನೆ ಹೊಡೆದರೆ 4, ಫೀಟ್ ಜೊತೆ 3. ಅಂದರೆ ನಿಮ್ಮ ಈಗಿನ ಅಂಕಿಗಳಿಗೆ ಗಡಿ 16. ಅದಕ್ಕಿಂತ ಕೆಳಗೆ ಬಳಸಿ, ಮೇಲೆ ಬಿಡಿ.

ಡಿಎಂ ಎಸಿ ಹೇಳುವುದಿಲ್ಲ, ಆದರೆ ಮೇಜಿನ ಮೇಲೆ ಕಾಣುತ್ತದೆ. ಗೆಳೆಯರ ದಾಳ ಗಮನಿಸಿ. 14 ಅಂದಾಗ ತಪ್ಪಿತು, 17 ಅಂದಾಗ ತಾಗಿತು ಅಂದರೆ ಎಸಿ 15, 16, 17ರಲ್ಲಿ ಒಂದು. ನಮ್ಮ ಮೇಜಿನಲ್ಲಿ ಒಬ್ಬರು ಇದನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗುತ್ತಾರೆ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಅವರಿಗೆ ಎಸಿ ಗೊತ್ತಾಗಿರುತ್ತದೆ.

ಅಡ್ವಾಂಟೇಜ್ ಸಿಕ್ಕರೆ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದಾದರೆ, ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಎಸಿ 15ಕ್ಕೆ ಆಗ ಸುಮ್ನೆ ಹೊಡೆದರೆ 8, ಫೀಟ್ ಜೊತೆ 10ಕ್ಕೂ ಮೇಲೆ. ಇನ್ನು ಎದುರಾಳಿಗೆ ನಾಲ್ಕೈದು ಹಿಟ್ ಪಾಯಿಂಟ್ ಉಳಿದಿದೆ ಅನ್ನಿಸಿದರೆ ಎಸಿ ಎಷ್ಟೇ ಇರಲಿ, ಫೀಟ್ ಬೇಡ. ಅಲ್ಲಿ 20 ಪೆಟ್ಟು ಏನು ಮಾಡುತ್ತೀರಿ? ತಾಗಿದರೆ ಸಾಕು.

2024ರ ಹೊಸ ಪುಸ್ತಕಕ್ಕೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಅಲ್ಲಿ ಈ ಕಳೆಯುವ ಕೂಡಿಸುವ ಲೆಕ್ಕವೇ ಇಲ್ಲ. ಹೆವಿ ಆಯುಧದಿಂದ ಹೊಡೆದರೆ ಪೆಟ್ಟಿಗೆ ಪ್ರೊಫಿಷಿಯೆನ್ಸಿ ಬೋನಸ್ (ಪಳಗಿದ ಕೆಲಸಕ್ಕೆ ಲೆವೆಲ್‌ಗೆ ತಕ್ಕಂತೆ ಸಿಗುವ ಅಂಕಿ) ಸೇರುತ್ತದೆ. ಜೊತೆಗೆ ಆಯುಧಗಳಿಗೆ ಮಾಸ್ಟರಿ ಅಂತ ಬಂದಿದೆ. ಗ್ರೇಟ್‌ಸ್ವೋರ್ಡ್‌ಗೆ ಗ್ರೇಜ್ ಅನ್ನುವ ಗುಣ, ಹೊಡೆತ ತಪ್ಪಿದರೂ ನಿಮ್ಮ ಸ್ಟ್ರೆಂತ್ ಬಲದಷ್ಟು ಪೆಟ್ಟು ಬೀಳುತ್ತದೆ. ಸತತ ನಾಲ್ಕು ಸಲ ತಪ್ಪಿದ ನಿಮಗೆ ಅದು ಇಷ್ಟ ಆಗಬಹುದು.

ಪ್ರಶ್ನೆ: ಪುಸ್ತಕ ತುಂಬಾ ದುಬಾರಿ. ಕೊಳ್ಳದೆ ಫೈಟರ್ ಆಡಬಹುದಾ? — ತುಮಕೂರು

ಉತ್ತರ: ಖಂಡಿತ. ಎಸ್‌ಆರ್‌ಡಿ 5.1 ಅನ್ನುವ ನಿಯಮಗಳ ಕಡತವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟಿದ್ದಾರೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಫೈಟರ್‌ಗೆ ಇರುವ ಉಪವರ್ಗ ಚಾಂಪಿಯನ್ ಒಂದೇ. ದಾಳದಲ್ಲಿ 20 ಮಾತ್ರವಲ್ಲ, 19 ಬಿದ್ದರೂ ಕ್ರಿಟಿಕಲ್, ಅಂದರೆ ಪೆಟ್ಟಿನ ದಾಳ ಎರಡರಷ್ಟು. ಸರಳ, ಗಟ್ಟಿ. ಮೊದಲ ವರ್ಷಕ್ಕೆ ಅಷ್ಟು ಸಾಕು.

ಪ್ರಶ್ನೆ: ಅಂಕಲ್, ನಾನು 10ನೇ ಕ್ಲಾಸ್. ನನ್ನದು ಹಾಫ್-ಆರ್ಕ್ ಫೈಟರ್, 2ನೇ ಲೆವೆಲ್. ಎಲ್ಲರೂ ಮಂತ್ರ ಹಾಕುತ್ತಾರೆ, ನಾನು ಮಾತ್ರ "ಹೊಡೀತೀನಿ" ಅಂತೀನಿ. ಬೋರ್ ಆಗ್ತಿದೆ. ಫೈಟರ್ ಬಿಟ್ಟು ಬೇರೆ ಪಾತ್ರ ತಗೊಳ್ಳಲಾ? — ಶಿವಮೊಗ್ಗ

ಉತ್ತರ: ಬೇಡ ಪುಟ್ಟಾ, ಸ್ವಲ್ಪ ತಡಿ. ನೀನು ಕಬಡ್ಡಿ ಆಡಿದ್ದೀಯಾ?

ನಾನು ಮಂಡ್ಯದ ಕಡೆಯವನು. ಸ್ಕೂಲಿನಲ್ಲಿ ಲೆಫ್ಟ್ ಕಾರ್ನರ್ ನಿಲ್ಲುತ್ತಿದ್ದೆ. ನಮ್ಮ ಪಿಟಿ ಮೇಷ್ಟ್ರು ಒಂದೇ ಮಾತು ಹೇಳೋರು: "ನೀನು ಕಾಲು ಹಿಡಿ, ಉಳಿದದ್ದು ಅವರು ನೋಡ್ಕೊಳ್ತಾರೆ." ರೈಡರ್ ಗೆರೆ ಮುಟ್ಟಬಾರದು, ಅಷ್ಟೇ. ಅವನ ಹಿಮ್ಮಡಿ ನನ್ನ ಎರಡು ಅಂಗೈ ಮಧ್ಯೆ ಸಿಕ್ಕಿತು ಅಂದರೆ, ಮಣ್ಣಲ್ಲಿ ಮೊಣಕೈ ತರಚಿದ್ದೂ ಗೊತ್ತಾಗುತ್ತಿರಲಿಲ್ಲ. ಮೇಲೆ ನಾಲ್ಕು ಜನ ಬಂದು ಬೀಳೋರು. ನಿನ್ನ ಫೈಟರ್‌ಗೂ ಅದೇ ಕೆಲಸ ಇದೆ. ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ನಿನ್ನ ಪಾತ್ರದ ಹಾಳೆಯಲ್ಲಿ ಅಥ್ಲೆಟಿಕ್ಸ್ ಅನ್ನುವ ಕೌಶಲ ಇದೆಯಾ ನೋಡು. ಇಲ್ಲದಿದ್ದರೆ ಡಿಎಂ ಹತ್ತಿರ ಕೇಳಿ ಹಾಕಿಸಿಕೋ. ಈಗ ಒಂದು ಓಗರ್ ನಿನ್ನ ವಿಝರ್ಡ್ ಕಡೆ ಹೋಗುತ್ತಿದೆ. ಹೊಡೆಯುವ ಬದಲು ಗ್ರ್ಯಾಪಲ್ ಮಾಡು, ಅಂದರೆ ಹಿಡಿದುಕೋ. ಇಬ್ಬರೂ ದಾಳ ಹಾಕಬೇಕು: ನಿನ್ನ ಅಥ್ಲೆಟಿಕ್ಸ್, ಎದುರಿಗೆ ಅದರ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್. ಗೆದ್ದರೆ ಅದರ ವೇಗ ಸೊನ್ನೆ. ಆಮೇಲೆ ಆಕ್ಷನ್ ಸರ್ಜ್ ಬಳಸು, ಅಂದರೆ ಅದೇ ಸರದಿಯಲ್ಲಿ ಇನ್ನೊಂದು ಆಕ್ಷನ್, 2ನೇ ಲೆವೆಲ್‌ಗೆ ನಿನಗೆ ಬಂದಿದೆ. ಎರಡನೇ ಹೊಡೆತದ ಬದಲು ಶವ್, ಅಂದರೆ ನೂಕಿ ಬೀಳಿಸು. ಬಿದ್ದವರು ಏಳಬೇಕಾದರೆ ಅರ್ಧ ವೇಗ ಖರ್ಚಾಗಬೇಕು. ವೇಗವೇ ಸೊನ್ನೆ ಇದ್ದರೆ? ಏಳುವ ಹಾಗೇ ಇಲ್ಲ. ಅಷ್ಟು ದೊಡ್ಡ ಓಗರ್ ನೆಲದ ಮೇಲೆ ಬಿದ್ದಿದೆ. ಪಕ್ಕದಲ್ಲಿ ನಿಂತು ಹೊಡೆಯುವ ಎಲ್ಲರಿಗೂ ಅಡ್ವಾಂಟೇಜ್. ಅದು ಹೊಡೆಯಲು ಹೋದರೆ ಅದಕ್ಕೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಬಿಡಿಸಿಕೊಳ್ಳಬೇಕು ಅಂದರೆ ತನ್ನ ಇಡೀ ಆಕ್ಷನ್ ಖರ್ಚು ಮಾಡಬೇಕು. ಆ ಸುತ್ತಿನಲ್ಲಿ ಯಾರಿಗೂ ಅದರ ದೊಣ್ಣೆ ಏಟು ಬೀಳಲ್ಲ. ಅದರ ಒಂದು ಏಟು ಸರಾಸರಿ 13, ನಿನ್ನ ವಿಝರ್ಡ್‌ಗೆ ಒಂದೇ ಸಾಕು.

ಮೂರು ವಿಷಯ ನೆನಪಿಡು. ಹಿಡಿಯಲು ಒಂದು ಕೈ ಖಾಲಿ ಇರಬೇಕು. ಕತ್ತಿ, ಗುರಾಣಿ ಎರಡೂ ಇದ್ದರೆ ಆಗಲ್ಲ. ನಿನಗಿಂತ ಒಂದು ಅಳತೆ ದೊಡ್ಡದರವರೆಗೆ ಮಾತ್ರ ಹಿಡಿಯಬಹುದು, ಅದಕ್ಕೇ ಓಗರ್ ಓಕೆ, ಜೈಂಟ್ ಇಲ್ಲ. ಮತ್ತೆ ನಿಮ್ಮ ಗುಂಪಿನಲ್ಲಿ ದೂರದಿಂದ ಬಾಣ ಬಿಡುವವರಿಗೆ ಬಿದ್ದವರ ಮೇಲೆ ಡಿಸ್‌ಅಡ್ವಾಂಟೇಜ್. ಬೀಳಿಸುವ ಮೊದಲು ಅವರನ್ನು ಕೇಳು, "ನೀನು ಬಿಡ್ತೀಯಾ, ನಾನು ಬೀಳಿಸ್ಲಾ?" ಅಂತ. ಈ ಮಾತುಕತೆ ಶುರುವಾದರೆ ನಿನಗೆ ಬೋರ್ ಆಗುವುದಿಲ್ಲ, ಗ್ಯಾರಂಟಿ.

3ನೇ ಲೆವೆಲ್‌ಗೆ ಬ್ಯಾಟಲ್ ಮಾಸ್ಟರ್ ತಗೋ. 8 ಮುಖದ ನಾಲ್ಕು ದಾಳ ಸಿಗುತ್ತವೆ, ಶಾರ್ಟ್ ರೆಸ್ಟ್ ಆದರೆ ಮತ್ತೆ ತುಂಬುತ್ತವೆ. ಅವುಗಳಿಂದ ಆಡುವ ಮೂರು ವರಸೆ ಕಲಿಯಬಹುದು. ನಾನಾದರೆ ಟ್ರಿಪ್, ಪ್ರಿಸಿಷನ್, ಗೋಡಿಂಗ್ ತೆಗೆದುಕೊಳ್ಳುತ್ತೇನೆ. ಟ್ರಿಪ್‌ನಲ್ಲಿ ಹೊಡೆಯುತ್ತಲೇ ಬೀಳಿಸಬಹುದು. ಪ್ರಿಸಿಷನ್ ಅಂದರೆ ದಾಳ ಬಿದ್ದ ಮೇಲೆ, ತಾಗಿತೋ ಇಲ್ಲವೋ ಅಂತ ಡಿಎಂ ಹೇಳುವ ಮೊದಲು, ಆ ನಾಲ್ಕರಲ್ಲಿ ಒಂದು ದಾಳ ಕೂಡಿಸುವುದು. ಗೋಡಿಂಗ್ ತಾಗಿ, ಎದುರಾಳಿ ವಿಸ್ಡಮ್ ಸೇವ್‌ನಲ್ಲಿ (ತಪ್ಪಿಸಿಕೊಳ್ಳಲು ಹಾಕುವ ದಾಳದಲ್ಲಿ) ಸೋತರೆ, ಅವನು ನಿನ್ನನ್ನು ಬಿಟ್ಟು ಬೇರೆ ಯಾರನ್ನು ಹೊಡೆದರೂ ಡಿಸ್‌ಅಡ್ವಾಂಟೇಜ್. "ಬಾ, ನನ್ನ ಹತ್ರ ಬಾ" ಅಂತ ಕೆಣಕಿದ ಹಾಗೆ. ಕೆಣಕುವ ಮಾತನ್ನು ನೀನೇ ಜೋರಾಗಿ ಹೇಳು, ಡಿಎಂಗೂ ಖುಷಿಯಾಗುತ್ತದೆ.

ಪ್ರಶ್ನೆ: ನಮ್ಮದು ಮಸ್ಕತ್‌ನಲ್ಲಿರುವ ಕನ್ನಡದವರ ಗುಂಪು. ನನ್ನ ಫೈಟರ್ ಈಗಷ್ಟೇ 6ನೇ ಲೆವೆಲ್‌ಗೆ ಬಂದಿದ್ದಾನೆ, ಪ್ಲೇಟ್ ಕವಚ ಮತ್ತು ಗುರಾಣಿ ಸೇರಿ ಎಸಿ 20. ಆದರೂ ಒಬ್ಬ ಮಾಂತ್ರಿಕ ಹೋಲ್ಡ್ ಪರ್ಸನ್ ಹಾಕಿದ, ಮೂರು ಸುತ್ತು ಕಂಬದ ಹಾಗೆ ನಿಂತೆ. ವಿಸ್ಡಮ್ 13. ಏನು ಮಾಡಲಿ?

ಉತ್ತರ: ಹೋಲ್ಡ್ ಪರ್ಸನ್‌ಗೆ ನಿಮ್ಮ ಎಸಿ ಲೆಕ್ಕಕ್ಕೇ ಬರುವುದಿಲ್ಲ, ವಿಸ್ಡಮ್ ಮಾತ್ರ ಬರುತ್ತದೆ. ಸ್ತಂಭಿಸಿ ನಿಂತವನನ್ನು ಪಕ್ಕದಿಂದ ಹೊಡೆದು ತಾಗಿಸಿದರೆ ಪ್ರತಿಯೊಂದೂ ಕ್ರಿಟಿಕಲ್. ಅಂದರೆ ಜೀವಕ್ಕೇ ಅಪಾಯ.

6ನೇ ಲೆವೆಲ್‌ನಲ್ಲಿ ಫೈಟರ್‌ಗೆ ಬೇರೆಯವರಿಗೆ ಇಲ್ಲದ ಒಂದು ಹೆಚ್ಚುವರಿ ಅವಕಾಶ ಸಿಗುತ್ತದೆ, ಸ್ಟ್ರೆಂತ್ ಏರಿಸಬಹುದು ಅಥವಾ ಫೀಟ್ ತೆಗೆದುಕೊಳ್ಳಬಹುದು. ರೆಸಿಲಿಯಂಟ್ ಫೀಟ್ ತಗೊಂಡು ವಿಸ್ಡಮ್‌ಗೆ ಹಾಕಿ. 13 ಇರುವುದು 14 ಆಗುತ್ತದೆ, ಪ್ರೊಫಿಷಿಯೆನ್ಸಿಯೂ ಬರುತ್ತದೆ. ಈಗ ದಾಳಕ್ಕೆ 1 ಕೂಡಿಸುತ್ತಿದ್ದೀರಿ, ಆಮೇಲೆ 5. ಮಾಂತ್ರಿಕನ ಡಿಸಿ, ಅಂದರೆ ತಪ್ಪಿಸಿಕೊಳ್ಳಲು ನಿಮಗೆ ಬರಬೇಕಾದ ಅಂಕಿ, 13 ಇದ್ದರೆ, ನೂರಕ್ಕೆ 45 ಸಲ ತಪ್ಪಿಸಿಕೊಳ್ಳುತ್ತಿದ್ದವರು 65 ಸಲ ತಪ್ಪಿಸಿಕೊಳ್ಳುತ್ತೀರಿ. ಸ್ಟ್ರೆಂತ್ ಇನ್ನೊಂದು ಮೆಟ್ಟಿಲು ಏರಿಸಿಕೊಳ್ಳುವ ಆಸೆ ನನಗೂ ಗೊತ್ತು. ಈ ಸಲ ತಡೆದುಕೊಳ್ಳಿ.

ಗೆಳೆಯರಿಗೂ ಒಂದು ಮಾತು ಹೇಳಿ. ಹೋಲ್ಡ್ ಪರ್ಸನ್ ನಡೆಯುವುದು ಮಾಂತ್ರಿಕನ ಕಾನ್‌ಸಂಟ್ರೇಷನ್ (ಏಕಾಗ್ರತೆ) ಮೇಲೆ. ಅವನಿಗೆ ಪೆಟ್ಟು ಬಿದ್ದ ಪ್ರತಿ ಸಲವೂ ಕಾನ್ ಸೇವ್ ಹಾಕಬೇಕು, ಕಡಿಮೆ ಅಂದರೂ 10 ಬರಬೇಕು, ಇಲ್ಲದಿದ್ದರೆ ಮಂತ್ರ ಮುರಿಯುತ್ತದೆ. ಒಂದು ದೊಡ್ಡ ಪೆಟ್ಟಿಗಿಂತ ಮೂರು ಸಣ್ಣ ಪೆಟ್ಟು ಮೇಲು, ಮೂರು ಸಲ ದಾಳ ಹಾಕಬೇಕಾಗುತ್ತದೆ. ನಿಮ್ಮ ಹತ್ತಿರ ಜಾವೆಲಿನ್ (ಎಸೆಯುವ ಈಟಿ) ಇದೆಯಾ? ಪ್ಲೇಟ್‌ಗೆ 1,500 ಚಿನ್ನದ ನಾಣ್ಯ ಕೊಟ್ಟವರು ಇದನ್ನು ಮರೆತಿರುತ್ತಾರೆ. ಒಂದಕ್ಕೆ ಅರ್ಧ ಚಿನ್ನದ ನಾಣ್ಯ. ಸ್ಟ್ರೆಂತ್‌ನಿಂದಲೇ ಎಸೆಯಬಹುದು, 30 ಅಡಿವರೆಗೆ ಸರಾಗ. ಮುಂದಿನ ಸಲ ಮಾಂತ್ರಿಕ ಕಂಡ ಕೂಡಲೇ, ಅವನು ಕೈ ಎತ್ತುವ ಮೊದಲೇ ಎರಡು ಎಸೆಯಿರಿ. ಬೆನ್ನಿಗೆ ನಾಲ್ಕು ಇರಲಿ.